ಕೆಂಪರಾಜು ಇಡದ ಕೀಲಿ

ಇದು ನಮ್ಮ ಸೋದರತ್ತೆ ಮಗ ಕೆಂಪರಾಜುವಿನ ಮನೆಯಲ್ಲಿ ನಡೆದದ್ದು. ನನ್ನ ತಂಗಿ ಮಂಜುಶ್ರೀಯನ್ನು ಅವನಿಗೇ ಕೊಟ್ಟಿದ್ದೆವು. ಅವಳು ತೀರಿಕೊಂಡು ವರ್ಷವಾಗಿತ್ತು. ಮಾರನೆಯ ದಿನ ತಿಥಿ. ಅವಳ ಫೋಟೊಗೆ ಕಟ್ಟು ಹಾಕಿಸಿಕೊಂಡು ಮಂಡ್ಯದಿಂದ ಕೊನೆ ಬಸ್ಸಿಗೆ ಕೆರಗೋಡಿನಲ್ಲಿ ಇಳಿದೆವು. ಆಲದಮರ ದಾಟಿ ಸೇದುವ ಬಾವಿಯ ಹತ್ತಿರ ಬಂದಾಗ ಅವನು ನನ್ನ ತೋಳು ಹಿಡಿದ.

"ಭಾವ… ಕೇಳುಸ್ತಾ?"

ಬೀಗ ಹಾಕಿದ ಅವನ ಮನೆಯೊಳಗಿಂದ ಸದ್ದು. ಟಕಟಕ… ಟಕಟಕ… ಆಮೇಲೆ ಟಪ್, ಟಪ್. ಪಂಚಾಯ್ತಿ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಮಂಜು ಎಂಟರ್ ಕೀಯನ್ನು ಯಾವಾಗಲೂ ಎರಡು ಸಲ ಒತ್ತುತ್ತಿದ್ದಳು.

ಬೀಗ ಹಾಕಿದ ಹಾಗೇ ಇತ್ತು. ತೆಗೆದು ನೋಡಿದರೆ ಒಳಗೆ ಯಾರೂ ಇಲ್ಲ. ಆರಿಸಿ ಹೋಗಿದ್ದ ಲ್ಯಾಪ್‌ಟಾಪಿನ ಫ್ಯಾನು ಸುಯ್ ಎನ್ನುತ್ತಿತ್ತು.

ಅದರ ಡಿಸ್ಕಿನ ಒಂದು ಭಾಗವನ್ನು ಕೆಂಪರಾಜು ಬೇರೆ ಮಾಡಿ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ ಎನ್‌ಕ್ರಿಪ್ಟ್ ಮಾಡಿದ್ದ. ಪಾಸ್‌ವರ್ಡ್ ಇಲ್ಲದೆ ತೆಗೆದರೆ ಬರೀ ಕಸ. ಮಂಜುವಿನ ಧ್ವನಿ ಉಳಿದಿದ್ದದ್ದು ಅದರೊಳಗೆ ಮಾತ್ರ. ನಾಳೆ ಅಮ್ಮನಿಗೆ ಅದನ್ನು ಕೇಳಿಸಬೇಕಿತ್ತು.

ಪಾಸ್‌ವರ್ಡ್ ಹೊಡೆದ. ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ತೆರೆಯಲಿಲ್ಲ. ಮತ್ತೆ ಹೊಡೆದ… ತೆರೆಯಲಿಲ್ಲ. ಇನ್ನೊಂದು ಕಮಾಂಡ್ ಹಾಕಿ ನೋಡಿದ. ಒಂದೇ ಬಾಗಿಲಿಗೆ ಹಲವು ಕೀಲಿ ಮಾಡಿಸುವ ಹಾಗೆ, ಅದರಲ್ಲಿ ಹಲವು ಪಾಸ್‌ವರ್ಡ್‌ಗಳಿಗೆ ಜಾಗವಿರುತ್ತದಂತೆ. ಅವನು ಇಟ್ಟದ್ದು ಒಂದೇ, ಮೊದಲನೆಯ ಜಾಗದಲ್ಲಿ. ಅದು ಖಾಲಿ. ಎರಡನೆಯದು ತುಂಬಿತ್ತು.

"ಬೆಳಿಗ್ಗೆ ಕಡೇಲಿ ಬೀಗ ಆಕಿದ್ದು ನೀವು," ಅವನು ಪಿಸುಗುಟ್ಟಿದ.

"ಮೇಷ್ಟ್ರಾಗಿ, ಮೊಬೈಲಲ್ಲಿ ಹಾಜರಿ ಹಾಕೋಕೂ ಏಳನೇ ಕ್ಲಾಸ್ ಹುಡ್ಗೀರ್ನ ಕರೀತೀನಿ ಕಣ್ಲಾ ನಾನು," ಎಂದೆ.

"ಅಂಗಂತ ನೀವು ಯೇಳ್ತೀರ."

ನನಗೇಕೋ ಒಂದು ಹೆಸರು ಹೊಳೆಯಿತು. ಚಿಕ್ಕಂದಿನಲ್ಲಿ ಮಂಜು ಸಾಕಿದ ಕರುವಿನದು. ಅದು ಸತ್ತ ದಿನ, ಆ ಹೆಸರನ್ನು ಇನ್ನು ಯಾರ ಮುಂದೆಯೂ ಎತ್ತಬೇಡ ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಭಾಷೆ ಮುರಿದು ಒಂದೊಂದೇ ಅಕ್ಷರ ಹೇಳಿದೆ. ಕೆಂಪರಾಜು ಹೊಡೆದ.

ತೆರೆಯಿತು.

"ಅಣ್ಣಾ… ಊಟ ಆಯ್ತಾ?" ಮಂಜುವಿನ ಧ್ವನಿ. ಅವನು ಅದನ್ನು ಕೇಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ಅಂಗಾದ್ರೆ ನೀವೇಯ ಭಾವ."

ತಿಥಿಯ ದಿನ ಅಮ್ಮ ಕೇಳಿಸಿಕೊಂಡಳು. ಅವತ್ತಿನಿಂದ ಕೆಂಪರಾಜು ನನ್ನೆದುರು ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ನಾನು ಅದನ್ನು ಮುಟ್ಟಿರಲಿಲ್ಲ. ನೀವು ನಂಬದಿದ್ದರೂ ಇದು ನಡೆದದ್ದು. ಆ ರಾತ್ರಿ ಕರುವಿನ ಹೆಸರು ಹೊಡೆದ ಮೇಲೆ ಅವನು ಎಂಟರ್ ಒತ್ತಿದ್ದು ಒಂದೇ ಸಲ. ನಾನು ಅವನ ಬೆರಳನ್ನೇ ನೋಡುತ್ತಿದ್ದೆ.

ಸದ್ದು ಎರಡು ಸಲ ಬಂತು.