ಲ್ಯಾಮಿನೇಶನ್ ಮಾಡಿಸಿದ ಚೀಟಿ

ಕೋರ್ಟಿನ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಇಬ್ಬರು ಹೆಂಗಸರು: ಒಂದೇ ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಂದೇ ದಿನ ಕೆಲಸ ಕಳೆದುಕೊಂಡು, ಬೇರೆ ಬೇರೆ ಕೇಸು ಹಾಕಿದವರು.

“‘ಕರೆಯೋವರೆಗೂ ಬರಬೇಡಿ’ ಅಂತ ಸೂಪರ್‌ವೈಸರ್ ಬರೆದ ಚೀಟೀನ ಜೋಪಾನ ಮಾಡಿದ್ದು ನಾನು. ಕೆಲಸ ಬಿಟ್ಟಿದ್ದು ನಾವಲ್ಲ ಅನ್ನೋಕೆ ಅದೊಂದೇ ಸಾಕ್ಷಿ. ನೀನು ಜೆರಾಕ್ಸ್ ಮಾಡಿಸ್ಕೊಂಡೆ, ಅಷ್ಟೆ.”

“ಹೌದಕ್ಕಾ. ಆದ್ರೆ ಜಡ್ಜು ಹೇಳಿದ ಗಡುವಿನೊಳಗೆ ಅದರ ಪ್ರತೀನ ಕಂಪನಿ ವಕೀಲರಿಗೆ ಕೊಟ್ಟೆ.”

“ನಂದು ಎರಡೇ ದಿನ ತಡ. ಜಡ್ಜು ತಗೊಳ್ಳೋದೇ ಇಲ್ಲ ಅಂದ್ಬಿಟ್ರು.”

“ಲ್ಯಾಮಿನೇಶನ್‌ಗೆ ಕೊಟ್ಟು ಕೂತ್ರೆ ಇನ್ನೇನಾಗುತ್ತೆ?”

“ಹಾಳಾಗದಿರ್ಲಿ ಅಂತ ಕೊಟ್ಟೆ ಕಣೇ. ಈಗ ನನ್ನ ಚೀಟಿಯಿಂದ ನಿನಗೆ ಕೆಲಸ ವಾಪಸ್ ಸಿಗುತ್ತೆ. ಹೊಟ್ಟೆ ಉರಿಯಲ್ವಾ?”

ಚಿಕ್ಕವಳು ಅಕ್ಕನ ಕೈಯಲ್ಲಿದ್ದ ಚೀಲದತ್ತ ನೋಡಿದಳು.

“ಅಕ್ಕಾ, ಜೆರಾಕ್ಸ್ ಸಾಲ್ದಂತೆ. ಇವತ್ತು ಅಸಲು ತೋರಿಸ್ಬೇಕಂತೆ. ಕೊಡ್ತೀಯಾ?”

ಲಿಫ್ಟಿನ ಬಾಗಿಲು ತೆರೆಯಿತು. ಅಕ್ಕ ಚೀಲವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತತೊಡಗಿದಳು.