ನಲವತ್ತೊಂದನೆಯ ಪಟ್ಟಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನನ್ನು ಇಷ್ಟು ಹೊಗಳಿ ಈಗ ಏನೂ ಗೊತ್ತಿಲ್ಲದವರಂತೆ ನೀರು ಕುಡಿಯುತ್ತಿರುವ ಕಾರ್ಯದರ್ಶಿಗಳೇ, ನಮ್ಮ ಕಾಡುನಡಿಗೆ ಸಂಘದ ಗೆಳೆಯರೇ, ಎಂಟರಿಂದ ಎಂಬತ್ತರವರೆಗಿನ ಸಭಿಕರೇ,

ಮೈಕು ಸ್ವಲ್ಪ ಕೆಳಗಿಳಿಸಿ. ಹಾಂ, ಸಾಕು. ಇಪ್ಪತ್ತೊಂಬತ್ತು ವರ್ಷ ಪಿಸುಮಾತಿನಲ್ಲೇ ನಿಮ್ಮನ್ನು ಕಾಡೊಳಗೆ ನಡೆಸಿದವನು ನಾನು. ಗಟ್ಟಿಯಾಗಿ ಮಾತಾಡುವುದು ಮರೆತೇಹೋಗಿದೆ. ಇವತ್ತಿಗೆ ಮುಂದಾಳಿನ ಕೆಲಸದಿಂದ ನನಗೆ ಬಿಡುಗಡೆ.

ಕಾರ್ಯದರ್ಶಿಗಳು ಹೇಳಿದರು, ಇವರು ಮಕ್ಕಳು ಮುದುಕರೆನ್ನದೆ ಎಲ್ಲರನ್ನೂ ಕಾಡಿಗೆ ಕರೆದೊಯ್ದರು ಎಂದು. ಎಲ್ಲರನ್ನೂ! ನೀವು ಚಪ್ಪಾಳೆ ತಟ್ಟಿದಿರಿ. ನಾನು ತಲೆ ತಗ್ಗಿಸಿ ಕೂತಿದ್ದೆ. ವಿನಯ ಎಂದುಕೊಂಡಿರಾ? ಅಲ್ಲ ಮಾರಾಯರೇ.

ನಮ್ಮ ಎರಡು ನಿಯಮ ನಿಮಗೆ ಗೊತ್ತೇ ಇದೆ. ಮುಂದಾಳನ್ನು ಬಿಟ್ಟು ದಿನಕ್ಕೆ ನಲವತ್ತೇ ಜನ. ಗಾಲಿ ಇರುವ ಯಾವುದಕ್ಕೂ ಪ್ರವೇಶವಿಲ್ಲ. ಗೇಟಿನ ಹಲಗೆಯ ಮೇಲೆ ಎರಡನ್ನೂ ಬರೆದದ್ದು ಇದೇ ಕೈ. ಆಗ ಬೈಕುಗಳು ಹಳ್ಳದವರೆಗೂ ನುಗ್ಗುತ್ತಿದ್ದವು. ದಂಡೆಯಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬರುವುದನ್ನೇ ಬಿಟ್ಟಿದ್ದವು. ಹಲಗೆ ಬಂತು, ನಾಲ್ಕು ವರ್ಷದಲ್ಲಿ ಹಕ್ಕಿಗಳೂ ಬಂದವು. ಅದರ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆಯಿದೆ.

ಆದರೆ ಒಮ್ಮೆ ಒಬ್ಬ ಹುಡುಗಿ ತನ್ನ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಗೇಟಿಗೆ ಬಂದಳು. ನಾನು ಹಲಗೆ ತೋರಿಸಿದೆ.

"ಸರ್, ಇದು ಕುರ್ಚಿ, ಗಾಡಿ ಅಲ್ಲ."

"ಗಾಲಿ ಇದೆಯಲ್ಲಮ್ಮಾ" ಅಂದೆ. ಎಂಥ ಜಾಣ ನೋಡಿ ನಾನು! ಅಜ್ಜಿಯೇ ಬಲವಂತ ಮಾಡಿ ಮೊಮ್ಮಗಳನ್ನು ನಮ್ಮ ಜೊತೆ ಕಳಿಸಿದರು. ಮೂರು ಗಂಟೆ ಕಳೆದು ಬಂದರೆ ಅಲ್ಲೇ ಕೂತಿದ್ದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: "ಒಳಗೆ ತಣ್ಣಗಿತ್ತಾ?"

ಇದನ್ನು ನಾನು ಶಿಬಿರಗಳಲ್ಲಿ ನನ್ನ ಶಿಸ್ತಿಗೆ ಉದಾಹರಣೆಯಾಗಿ ಹೇಳಿಕೊಂಡಿದ್ದೇನೆ, ಸಭಿಕರೇ. ಈಗ ನಾಚಿಕೆಯಾಗುತ್ತದೆ.

ನಿಮ್ಮ ತೋಳಿಗೆ ಕಟ್ಟುತ್ತೇವಲ್ಲ, ಒಂದರಿಂದ ನಲವತ್ತರವರೆಗೆ ಅಂಕಿ ಇರುವ ಹಸಿರು ಬಟ್ಟೆಪಟ್ಟಿ? ಕಾಡಲ್ಲಿ ಯಾರೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇವಲ್ಲ? ಅದನ್ನು ಹೊಲಿದವಳು ನನ್ನ ಹೆಂಡತಿ. ಹರಿದಾಗ ತೇಪೆ ಹಾಕಿದವಳು, ನಿಮ್ಮೆಲ್ಲರ ಬೆವರು ಒಗೆದವಳು ಅವಳೇ. "ರೀ, ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ರೀ" ಅನ್ನುತ್ತಿದ್ದಳು. "ಈ ಸಲ ನಲವತ್ತು ಭರ್ತಿ ಕಣೇ, ಮುಂದಿನ ಸಲ." ಪ್ರತಿ ಸಲವೂ ಭರ್ತಿ. ಸ್ವಂತ ಹೆಂಡತಿಗೆ ಜಾಗ ಮಾಡಿಕೊಟ್ಟ ಎನ್ನಿಸಿಕೊಳ್ಳಬಾರದಲ್ಲ! ನಾನು ಮನೆಗೆ ಬಂದು ಬೂಟು ಬಿಚ್ಚಿದರೆ, ಅದಕ್ಕೆ ಅಂಟಿದ ಎಲೆಯನ್ನು ಬಿಡಿಸಿ ಮೂಸಿ ನೋಡುತ್ತಿದ್ದಳು.

ಮೂರು ವರ್ಷದ ಹಿಂದೆ ಅವಳ ಎರಡೂ ಕಾಲು ಸೋತವು. ಅಗೋ, ಬಾಗಿಲ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಎಲ್ಲರೂ ತಿರುಗಿ ನೋಡಬೇಡಿ, ಮನೆಗೆ ಹೋದಮೇಲೆ ನನಗೆ ಇದೆ.

ಕಳೆದ ವಾರ ನಾನು ಬೂಟು ಬಿಚ್ಚುವಾಗ ಕೇಳಿದಳು: "ಒಳಗೆ ತಣ್ಣಗಿತ್ತಾ?"

ಆ ಅಜ್ಜಿಯ ವಿಷಯ ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಪಟ್ಟಿಗಳನ್ನು ಎತ್ತಿಡಲು ಅವಳ ಹೊಲಿಗೆ ಡಬ್ಬಿ ತೆಗೆದೆ. ತಳದಲ್ಲಿ ಒಂದು ಪಟ್ಟಿ, ಬಣ್ಣ ಮಾಸಿತ್ತು, ಆದರೆ ಒಂದು ಸಲವೂ ಕಟ್ಟಿದ ಗುರುತಿರಲಿಲ್ಲ. ಅಂಕಿ ನಲವತ್ತೊಂದು. ಎಂದೋ ಹೊಲಿದು ಇಟ್ಟುಕೊಂಡಿದ್ದಾಳೆ, ಪುಣ್ಯಾತ್ಗಿತ್ತಿ.

ಅಧ್ಯಕ್ಷರೇ, ನನಗೆ ಕಾಣಿಕೆಯೆಂದು ತಂದಿರುವ ಈ ದುರ್ಬೀನನ್ನು ಹೊಸ ಮುಂದಾಳಿಗೆ ಕೊಡಿ. ನನಗೆ ಒಂದು ಡಬ್ಬಿ ಬಣ್ಣ ಸಾಕು. ಹಲಗೆಯಲ್ಲಿ 'ಗಾಲಿ' ಅಳಿಸಿ 'ಇಂಜಿನ್' ಎಂದು ಬರೆಯುತ್ತೇನೆ. ಹಳ್ಳದವರೆಗೆ ದಾರಿ ಸಮವಾಗಿದೆ. ಮೊನ್ನೆ ಟೇಪು ಹಿಡಿದು ಅಗಲ ಅಳೆದು ಬಂದಿದ್ದೇನೆ. ಬೇಡ ಎನ್ನುವವರು ಈಗಲೇ ಕೈಯೆತ್ತಿ. ಯಾರೂ ಇಲ್ಲ. ಅಧ್ಯಕ್ಷರು ಹೂಂ ಎಂದು ತಲೆಯಾಡಿಸಿದರು, ನೀವೆಲ್ಲ ಸಾಕ್ಷಿ.

ನಲವತ್ತನ್ನು ಮಾತ್ರ ತಿದ್ದಬೇಡಿ. ಕಾಡು ತಾಳಿಕೊಳ್ಳುವುದು ಅಷ್ಟೇ ಕಾಲುಗಳನ್ನು. ನಾಳೆಯ ನಡಿಗೆಗೆ ಮೂವತ್ತೊಂಬತ್ತು ಹೆಸರು ಬಂದಿವೆ. ಒಂದು ಜಾಗವನ್ನು ನನಗೆಂದೇ ಪ್ರೀತಿಯಿಂದ ಉಳಿಸಿದ್ದೀರಿ. ಆ ನಲವತ್ತನೆಯ ಪಟ್ಟಿಯನ್ನು ಅವಳ ತೋಳಿಗೆ ಕಟ್ಟಿ. ಕುರ್ಚಿ ತಳ್ಳಲು ಹೊಸ ಮುಂದಾಳು ಒಪ್ಪಿದ್ದಾರೆ.

ನಾನೋ? ನಲವತ್ತೊಂದರ ಪಟ್ಟಿ ಕಟ್ಟಿಕೊಂಡು ಗೇಟಿನ ಹೊರಗೆ ಕೂತಿರುತ್ತೇನೆ. ಅವಳ ಜೊತೆ ಒಳಗೆ ಹೋಗಬೇಕೆಂದು ಜೀವ ಹಂಬಲಿಸುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಹೊರಗೆ ಬಂದಾಗ ಕೇಳಲು ಒಬ್ಬರು ಬೇಕಲ್ಲ, ಒಳಗೆ ತಣ್ಣಗಿತ್ತಾ ಎಂದು.

ಇಷ್ಟು ವರ್ಷ ನನ್ನ ಪಿಸುಮಾತು ಕೇಳಿದಿರಿ, ಇವತ್ತು ಗಟ್ಟಿ ಮಾತನ್ನೂ ಕೇಳಿದಿರಿ. ನಿಮ್ಮ ಉಪಕಾರ ದೊಡ್ಡದು. ನಮಸ್ಕಾರ.