ಒಂಬತ್ತನೇ ನಂಬರಿನ ಹಾಲು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಕೇಂದ್ರದ ನಿರ್ದೇಶಕರೇ, ಹಂದಿ ಶೆಡ್ಡಿನಿಂದ ಕೈಕಾಲು ತೊಳೆದು ನೇರ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಜೊತೆಗಾರರೇ, ಸಭಿಕರೇ,

ಎರಡು ಮಾತಾಡಿ ಫಲಕ ತಗೊಂಡು ಹೋಗಮ್ಮ ಎಂದು ನಿರ್ದೇಶಕರು ಹೇಳಿದ್ದಾರೆ. ಅವರೂ ಎರಡೇ ಮಾತು ಎಂದು ಶುರು ಮಾಡಿ ನಲವತ್ತು ನಿಮಿಷ ಮಾತಾಡಿದರು. ನನಗೆ ಅದರ ಕಾಲು ಭಾಗ ಸಾಕು.

ವರ್ಷದ ಉತ್ತಮ ಸಿಬ್ಬಂದಿ ಎಂದು ನನ್ನನ್ನು ಆರಿಸಿದ್ದೀರಿ. ನನ್ನ ಕೆಲಸವೇನು? ತೂಗುವುದು. ಹಂದಿಮರಿಗಳನ್ನು ತಾಯಿಯಿಂದ ಒಂದು ಗಂಟೆ ಬೇರೆ ಇಟ್ಟು ತೂಗುತ್ತೇನೆ, ಕುಡಿಯಲು ಬಿಡುತ್ತೇನೆ, ಕುಡಿದ ಮೇಲೆ ಮತ್ತೆ ತೂಗುತ್ತೇನೆ. ಹೆಚ್ಚಿದ ತೂಕವೇ ತಾಯಿ ಕೊಟ್ಟ ಹಾಲು. ಮಧ್ಯೆ ಮರಿ ಉಚ್ಚೆ ಹೊಯ್ದರೆ ಅದನ್ನೂ ಒರೆಸಿ, ತೂಗಿ, ಸೇರಿಸಬೇಕು. ಎಂ.ಎಸ್ಸಿ. ಓದಿದ್ದು ಇದಕ್ಕಾ ಎಂದು ನಮ್ಮಣ್ಣ ಇವತ್ತಿಗೂ ಕೇಳುತ್ತಾನೆ.

ಹಸುವಿನ ಒಂದು ಜೀನ್ ಸೇರಿಸಿ ಬೆಳೆಸಿದ ನಮ್ಮ ಆರು ಹಂದಿಗಳು ಸಾಮಾನ್ಯ ಹಂದಿಗಳಿಗಿಂತ ಹೆಚ್ಚು ಹಾಲು ಕೊಟ್ಟಿವೆ, ಅವುಗಳ ಮರಿಗಳು ಮೂರು ವಾರದಲ್ಲಿ ತಲಾ ಅರ್ಧ ಕಿಲೋ ಹೆಚ್ಚು ತೂಗಿವೆ ಎಂದು ಮುಖ್ಯ ಅತಿಥಿಗಳು ಹೊಗಳಿದರು. ನಿಜ, ತೂಗಿದವಳು ನಾನೇ. ಆದರೆ ಆ ಹಂದಿಗಳು ಎಲ್ಲಿದ್ದವು ಎಂದು ಯಾರಾದರೂ ಕೇಳಿದಿರಾ?

ಹಿಂದಿನ ಕೋಣೆಯಲ್ಲಿದ್ದವು. ದಪ್ಪ ಗೋಡೆ, ಚಿಲಕವಿರುವ ಬಾಗಿಲು, ಬಾಗಿಲ ಮೇಲೆ ‘ಹಾಲುಣಿಸುವ ಹೊತ್ತು, ಸದ್ದು ಬೇಡ’ ಎಂಬ ಬೋರ್ಡು. ಸಾಮಾನ್ಯ ಹಂದಿಗಳು ಮುಂದಿನ ಶೆಡ್ಡಿನಲ್ಲಿ, ಮೇವು ಅರೆಯುವ ಯಂತ್ರದ ಪಕ್ಕದಲ್ಲಿ. ತಾಯಿಹಂದಿ ಹಾಲು ಇಳಿಯುವ ಮುನ್ನ ಗುರುಗುಟ್ಟಿ ಮರಿಗಳನ್ನು ಕರೆಯುತ್ತದೆ. ಹಾಲು ಇಳಿಯುವುದು ಇಪ್ಪತ್ತು ಸೆಕೆಂಡು, ಅಷ್ಟೆ. ಆ ಗದ್ದಲದಲ್ಲಿ ಕರೆಯೇ ಕೇಳಿಸದ ಮರಿ ಹೊಟ್ಟೆ ತುಂಬ ಕುಡಿಯುವುದು ಹೇಗೆ?

ನಾನೊಂದು ತಪ್ಪು ಮಾಡಿದ್ದೇನೆ. ಹೆರಿಗೆ ರಜೆ ಮುಗಿಸಿ ಬಂದ ಎರಡನೇ ವಾರ ಅದು, ನಿದ್ದೆ ಎನ್ನುವುದೇ ಮರೆತುಹೋಗಿತ್ತು. ಕಿವಿಯ ಬಿಲ್ಲೆ ನೋಡದೆ ಒಂಬತ್ತನೇ ನಂಬರಿನ ಹಂದಿಯನ್ನು ಹಿಂದಿನ ಕೋಣೆಯಲ್ಲಿ ಖಾಲಿಯಿದ್ದ ಅಂಕಣಕ್ಕೆ ಅಟ್ಟಿದೆ. ಅದು ಸಾಮಾನ್ಯ ಹಂದಿ. ಗೊತ್ತಾಗಿದ್ದು ಮರಿಗಳಿಗೆ ಮೂರು ವಾರ ತುಂಬಿದ ಮೇಲೆ. ಆ ಹೊತ್ತಿಗೆ ಅದರ ಮರಿಗಳು ಜೀನಿನ ಹಂದಿಗಳ ಮರಿಗಳಿಗಿಂತ ತಲಾ ನಲವತ್ತು ಗ್ರಾಂ ಮಾತ್ರ ಕಡಿಮೆ ಇದ್ದವು.

ನಿರ್ದೇಶಕರು ಏನೆಂದರು? “ತೂಕದ ಪುಸ್ತಕದಲ್ಲಿ ಆ ಸಾಲನ್ನ ಹೊಡೆದುಹಾಕಮ್ಮ. ತಪ್ಪು ನಿನ್ನದು, ನಾನು ಮರೆತಿದ್ದೀನಿ, ನೀನೂ ಮರೆತುಬಿಡು.”

ಸ್ಕೇಲು ಇಟ್ಟು ನೀಟಾಗಿ ಹೊಡೆದುಹಾಕಿದೆ. ಅದಕ್ಕೇ ಈ ಫಲಕ.

ಯಾಕೆ ಹೊಡೆದುಹಾಕಿದೆ? ಆಗ ನನಗೆ ಹಂದಿಯ ಚಿಂತೆ ಇರಲಿಲ್ಲ. ನನ್ನ ಮಗಳಿಗೆ ಐದು ತಿಂಗಳು, ತೂಕ ಏರುತ್ತಿಲ್ಲ. ನರ್ಸಮ್ಮ, “ನಿಮ್ಮ ಹಾಲು ಸಾಲ್ತಿಲ್ಲ, ಡಬ್ಬಿ ಹಾಲು ಶುರು ಮಾಡಿ” ಎಂದು ನನ್ನ ಮುಖ ಕೂಡ ನೋಡದೆ ಹೇಳಿದರು. ಮನೆಯಲ್ಲಿ ಮಗಳನ್ನೂ ಕುಡಿಯುವ ಮುಂಚೆ ಒಮ್ಮೆ, ಕುಡಿದ ಮೇಲೆ ಒಮ್ಮೆ ತೂಗತೊಡಗಿದೆ. ನಮ್ಮತ್ತೆ, “ಏನೇ ಇದು, ಮಗೂನ ಕುಂಬಳಕಾಯಿ ಥರ ತೂಗ್ತೀಯ? ನಮ್ಮ ಮನೇಲಿ ಯಾರಿಗೂ ಹಾಲು ಕಮ್ಮಿ ಆಗಿದ್ದಿಲ್ಲಮ್ಮ” ಅಂದರು. ನಮ್ಮವರು ಪೇಪರಿನ ಹಾಳೆ ತಿರುಗಿಸಿದರು. ನನ್ನ ಮೈಯೇ ಅಷ್ಟು ಎಂದು ನಾನೂ ನಂಬಿದೆ.

ಇಲ್ಲಿ ನಾನು ಹಾಲು ಹಿಂಡುವುದು ಎಲ್ಲಿ ಗೊತ್ತೇ? ಮೇವಿನ ಉಗ್ರಾಣದಲ್ಲಿ. ಚಿಲಕ ಮುರಿದಿದೆ, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಲಾರಿ ಡ್ರೈವರಣ್ಣ ಹೊರಗಿನಿಂದ, “ಅಕ್ಕಾ, ಎರಡು ಚೀಲ ಬೇಕಿತ್ತು, ನೀವು ನಿಧಾನಕ್ಕೆ ಬನ್ನಿ” ಎನ್ನುತ್ತಾರೆ. ಅಷ್ಟು ಮರ್ಯಾದೆಯಾಗಿ ಹೇಳಿದರೂ ಬರುತ್ತಿದ್ದ ಹಾಲು ನಿಲ್ಲುತ್ತದೆ. ಒಮ್ಮೆ ಫ್ರಿಜ್ಜಿನಲ್ಲಿಟ್ಟ ನನ್ನ ಬಾಟಲಿಯನ್ನು, ಮಾದರಿಗೆ ನಂಬರಿಲ್ಲ ಎಂದು ಪ್ರಯೋಗಾಲಯದವರು ಚೆಲ್ಲಿದರು. ನಗಬಹುದು, ನಾನೂ ಆಮೇಲೆ ನಕ್ಕೆ. ಒಂದು ಚಿಲಕ ಹಾಕಿಸಿ ಎಂದು ಅರ್ಜಿ ಕೊಟ್ಟರೆ ಕಚೇರಿಯವರು, “ಒಬ್ಬರಿಗೋಸ್ಕರ ಎಲ್ಲಾ ಮಾಡೋಕಾಗತ್ತೇನಮ್ಮ?” ಎಂದರು.

ಮೊನ್ನೆ ಮಧ್ಯಾಹ್ನ ಆ ಬಾಗಿಲಿಗೆ ಒರಗಿ ಕೂತಿದ್ದಾಗ ಹೊಳೆಯಿತು. ಒಂಬತ್ತನೇ ನಂಬರಿಗೆ ಹಸುವಿನ ಜೀನ್ ಇರಲಿಲ್ಲ. ಒಂದು ಬಾಗಿಲಿತ್ತು.

ಜೀನ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನ ಹಾಲಿನಲ್ಲಿ ಜೀನಿನದೆಷ್ಟು, ಬಾಗಿಲಿನದೆಷ್ಟು ಎಂದು ನಮಗೆ ಗೊತ್ತಿಲ್ಲ ಎನ್ನುತ್ತಿದ್ದೇನೆ. ಒಂದೇ ಹಂದಿಯಿಂದ ಅದು ತೀರ್ಮಾನವೂ ಆಗುವುದಿಲ್ಲ. ಗೊತ್ತಿಲ್ಲ ಎಂದು ಬರೆಯಲು ನಾಚಿಕೆಯೇಕೆ? ಹೊಡೆದುಹಾಕಿದ ಸಾಲನ್ನು ಇವತ್ತು ಬೆಳಿಗ್ಗೆ ಮತ್ತೆ ಬರೆದಿದ್ದೇನೆ, ಪಕ್ಕದಲ್ಲಿ ನನ್ನ ತಪ್ಪನ್ನೂ ಬರೆದು ಸಹಿ ಹಾಕಿದ್ದೇನೆ. ಎಲ್ಲ ಹಂದಿಗಳನ್ನೂ ಒಂದೇ ಥರದ ಕೋಣೆಯಲ್ಲಿಟ್ಟು ಮತ್ತೆ ತೂಗೋಣ. ಅಲ್ಲಿಯವರೆಗೆ ಈ ಫಲಕ ಮೇಜಿನ ಮೇಲೆಯೇ ಇರಲಿ.

ಒಂಬತ್ತನೇ ನಂಬರಿನ ಅಂಕಣ ಈಗ ಖಾಲಿ. ತೊಳೆದು ಒಂದು ಕುರ್ಚಿ ಹಾಕಿದ್ದೇನೆ. ನಾಳೆಯಿಂದ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಚಿಲಕ ಹಾಕಿಕೊಂಡು ನಾನು ಅಲ್ಲಿರುತ್ತೇನೆ. ಹೊಸ ಬೋರ್ಡು ಬೇಡ, ಇರುವುದೇ ಸಾಕು.

ಕೇಳಿದ ನಿಮಗೆಲ್ಲ ವಂದನೆಗಳು. ಅತಿಥಿಗಳ ಭಾಷಣ ಕೇಳಿಸಲಿ ಎಂದು ಬೆಳಿಗ್ಗೆಯಿಂದ ಮೇವಿನ ಯಂತ್ರ ನಿಲ್ಲಿಸಿದ ಸಿಬ್ಬಂದಿಗೆ ವಿಶೇಷ ವಂದನೆ. ಅದನ್ನು ನಿಲ್ಲಿಸಲು ಬರುತ್ತದೆ ಎಂದು ಈ ನಾಲ್ಕು ವರ್ಷದಲ್ಲಿ ಇವತ್ತೇ ಗೊತ್ತಾಗಿದ್ದು.

ನಮಸ್ಕಾರ.